ಹಾಸನದಲ್ಲಿ ರಾತ್ರಿ ಪಾರ್ಕಿಗೆ ಹೋಗಿ ಬಾವಲಿ ನೋಡಬಹುದಾ? ಟಾರ್ಚ್ ಬೇಕಾ?

ನೋಡಬಹುದು, ಆದರೆ ನಡುರಾತ್ರಿವರೆಗೆ ಕಾಯಬೇಡಿ. ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆಯೇ ಒಳ್ಳೆ ಹೊತ್ತು, ಮಹಾರಾಜ ಪಾರ್ಕಿನಲ್ಲಿ ಮರದ ಕೆಳಗೆ ನಿಲ್ಲೋದಕ್ಕಿಂತ ಆಕಾಶ ಕಾಣುವ ಕಡೆ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಉಳಿದ ಬೆಳಕಿನಲ್ಲೇ ರೆಕ್ಕೆಗಳು ಕಾಣುತ್ತವೆ. ದೀಪದ ಕಂಬದ ಸುತ್ತ ಸರ್ರನೆ ತಿರುಗುವ ಪುಟಾಣಿಗಳು ಹುಳ ಹಿಡಿಯುವಂಥವು. ಕೂಗಿ, ಪ್ರತಿಧ್ವನಿ ಕೇಳಿ ಬೇಟೆ ಹುಡುಕುತ್ತವೆ, ಆ ಕೂಗು ನಮ್ಮ ಕಿವಿಗೆ ಕೇಳಿಸಲ್ಲ. ನಿಧಾನವಾಗಿ ರೆಕ್ಕೆ ಬಡಿಯುತ್ತ ಹೋಗುವ ದೊಡ್ಡವು ಹಣ್ಣು ತಿನ್ನುವ ಬಾವಲಿಗಳು, ರೆಕ್ಕೆ ಬಿಚ್ಚಿದರೆ 1 ಮೀಟರಿಗೂ ಜಾಸ್ತಿ! ಇವು ಕಣ್ಣು, ಮೂಗನ್ನೇ ನಂಬಿರುತ್ತವೆ, ಹಾಗಾಗಿ ದಯವಿಟ್ಟು ಅವುಗಳ ಮೇಲೆ ಟಾರ್ಚ್ ಬಿಡಬೇಡಿ. ಅತ್ತಿ, ಆಲದ ಮರ ಹಣ್ಣು ಬಿಟ್ಟಿದ್ದರೆ ಬುಡದಲ್ಲಿ ನೋಡಿ, ರಸ ಹೀರಿ ಉಗಿದ ನಾರಿನ ಉಂಡೆಗಳು ಬಿದ್ದಿರುತ್ತವೆ. ಬಿದ್ದ ಬಾವಲಿ ಸಿಕ್ಕರೆ ಬರಿಗೈಲಿ ಮುಟ್ಟಬೇಡಿ. ಗೇಟ್ ಎಷ್ಟು ಹೊತ್ತಿಗೆ ಹಾಕ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.