ಬದಿಯಡ್ಕದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಗಲ್ಫ್‌ನಲ್ಲಿರುವ ಗ್ರಾಹಕರು ಪ್ರಿಂಟ್ ಹಾಕಿಸಲು ಆನ್‌ಲೈನ್‌ನಲ್ಲಿ ಫೋಟೋ ಫೈಲು ಕಳಿಸಲು ಯಾವ ದಾರಿ ಒಳ್ಳೆಯದು?

ಬದಿಯಡ್ಕದಲ್ಲಿರುವ ನಿಮ್ಮ ಸ್ಟುಡಿಯೋಗೆ ಗಲ್ಫ್‌ನಲ್ಲಿರುವವರು ಫೋಟೋ ಕಳಿಸಬೇಕು, ಅಲ್ವಾ? ಆನ್‌ಲೈನ್‌ನಲ್ಲಿ ಫೈಲು ಇಡುವ ಸೇವೆಯಾದ ಡ್ರಾಪ್‌ಬಾಕ್ಸ್‌ನ ‘ಫೈಲ್ ರಿಕ್ವೆಸ್ಟ್’ (ಬೇರೆಯವರಿಂದ ಫೈಲು ತರಿಸಿಕೊಳ್ಳುವ ಸೌಲಭ್ಯ) ಬಳಸಿ. ಒಂದು ಲಿಂಕ್ ಕೊಟ್ಟರೆ ಸಾಕು. ಕಳಿಸುವವರಿಗೆ ಅಕೌಂಟ್ ಬೇಡ, ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣುವುದಿಲ್ಲ. ಉಚಿತ ಜಾಗ 2 ಜಿಬಿ ಮಾತ್ರ, ಹಾಗಾಗಿ ಫೈಲು ಇಳಿಸಿಕೊಂಡ ಮೇಲೆ ಖಾಲಿ ಮಾಡುತ್ತಿರಿ. ಗೂಗಲ್ ಫಾರ್ಮ್ ಕೂಡ ಆಗುತ್ತದೆ, ಆದರೆ ಫೈಲು ಹಾಕುವವರು ಗೂಗಲ್ ಅಕೌಂಟ್‌ಗೆ ಲಾಗಿನ್ ಆಗಲೇಬೇಕು. ವಯಸ್ಸಾದವರಿಗೆ ಅಲ್ಲೇ ಕಷ್ಟ.

ವಾಟ್ಸಾಪ್ ಬಿಟ್ಟು ಬೇರೆ ಗೊತ್ತಿಲ್ಲ ಅನ್ನುವವರು ಜಾಸ್ತಿ. ಅವರಿಗೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಸುಮ್ನೆ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗಿಬಿಡುತ್ತದೆ. 8×12 ಇಂಚಿನ ಪ್ರಿಂಟ್‌ಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 2400×3600 ಪಿಕ್ಸೆಲ್ ಬೇಕು. ತೀರಿಹೋದ ಅಜ್ಜಿಯ ಇರುವ ಒಂದೇ ಫೋಟೋ ಫ್ರೇಮಿನಲ್ಲಿ ಮಸುಕಾಗಿ ಬಂದರೆ ಮನೆಯವರಿಗೆ ಎಷ್ಟು ಬೇಜಾರಾಗುತ್ತದೆ!