ಯಂತ್ರ ಕೂಗಿದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

30ನೇ ವಾರಕ್ಕೇ ಹೆರಿಗೆಯಾಗಿತ್ತು. ಮಗುವಿನ ತೂಕ 1,300 ಗ್ರಾಂ. ಹನ್ನೆರಡನೆಯ ದಿನ ಆ ತಾಯಿಯನ್ನು ಗಂಡ ಸಲಹೆಗೆಂದು ನನ್ನ ಬಳಿಗೆ ಕರೆತಂದರು. "ಹಾಲು ಹಿಂಡಿ ಕಳಿಸುತ್ತಾಳೆ ಮೇಡಂ, ಮಗುವಿನ ಹತ್ತಿರ ಮಾತ್ರ ಹೋಗುವುದಿಲ್ಲ."

ಆಕೆ ಬಹಳ ಹೊತ್ತು ಸುಮ್ಮನಿದ್ದರು. "ಮೊದಲ ಸಲ ಬೆರಳು ಮುಟ್ಟಿಸಿದೆ, ಅಷ್ಟರಲ್ಲೇ ಉಸಿರು, ಎದೆಬಡಿತ ನೋಡುವ ಯಂತ್ರ ಕೂಗಿಕೊಂಡಿತು. ಹೊಟ್ಟೆಯಲ್ಲಿ ಉಳಿಸಿಕೊಳ್ಳಲಾಗಲಿಲ್ಲ, ಹೊರಗೆ ಬಂದಮೇಲೂ ನನ್ನಿಂದಲೇ ತೊಂದರೆ."

"ನಿಮ್ಮ ತಪ್ಪಲ್ಲ" ಎಂದು ಎಲ್ಲರೂ ಹೇಳಿಯಾಗಿತ್ತು. ನಾನೂ ಅದನ್ನೇ ಹೇಳಿದರೆ ಏನು ಬಂತು? ಆಕೆಗೆ ಬೇಕಿದ್ದದ್ದು ಆ ಕೂಗಿನ ಅರ್ಥ. ಶಿಶುವೈದ್ಯರ ಬಳಿಗೆ ಜೊತೆಯಲ್ಲೇ ಹೋದೆ. ಇಷ್ಟು ಬೇಗ ಹುಟ್ಟಿದ ಮಕ್ಕಳ ಮಿದುಳಿನಲ್ಲಿ ಉಸಿರಾಟ ನಡೆಸುವ ಭಾಗ ಇನ್ನೂ ಬಲಿತಿರುವುದಿಲ್ಲ, ಆದ್ದರಿಂದ ನಡುನಡುವೆ ಉಸಿರು ನಿಲ್ಲುತ್ತದೆ, ಅದು 20 ಸೆಕೆಂಡು ಮುಟ್ಟಿದರೆ ಅಥವಾ ಎದೆಬಡಿತ ಇಳಿದರೆ ಯಂತ್ರ ಎಚ್ಚರಿಸುತ್ತದೆ ಎಂದು ಅವರು ವಿವರಿಸಿದರು. ಉಸಿರಾಟವನ್ನು ಚುರುಕಾಗಿಸುವ ಕೆಫೀನ್ ಔಷಧಿ ನಡೆದೇ ಇತ್ತು. ಆಮೇಲೆ ಆ ದಿನದ ದಾಖಲೆ ತೆಗೆದು ತೋರಿಸಿದರು: ಆಕೆ ಬರುವ ಮೊದಲೇ ಯಂತ್ರ ನಾಲ್ಕು ಸಲ ಕೂಗಿತ್ತು. ಆಕೆ ಆ ಹಾಳೆಯನ್ನು ಎರಡು ಬಾರಿ ಓದಿದರು.

ಮೆಟ್ಟಿಲು ಹತ್ತಿದ್ದು, ಅತ್ತೆಯೊಡನೆ ಮುನಿಸಿಕೊಂಡದ್ದು, ಹೀಗೆ ಮನಸ್ಸಿನಲ್ಲಿದ್ದ "ತಪ್ಪುಗಳನ್ನು" ಬರೆದುಕೊಂಡು ಹೆರಿಗೆ ವೈದ್ಯರನ್ನು ಒಂದೊಂದಾಗಿ ಕೇಳಿ ಎಂದೆ. ಎಷ್ಟೋ ಅವಧಿಪೂರ್ವ ಹೆರಿಗೆಗಳಿಗೆ ಕಾರಣ ಸಿಗುವುದೇ ಇಲ್ಲ.

ಮುಖ್ಯ ಸಲಹೆ ಕಾಂಗರೂ ಆರೈಕೆ: ಮಗುವನ್ನು ಬರಿ ಎದೆಗೆ ಒರಗಿಸಿಕೊಳ್ಳುವುದು. ಮಗುವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್‌ಗಳ ಕೊರತೆಯಿದ್ದ, ಕೊಲಂಬಿಯಾ ದೇಶದ ಬೊಗೋಟಾದ ಆಸ್ಪತ್ರೆಯೊಂದರಲ್ಲಿ 1970ರ ದಶಕದ ಕೊನೆಗೆ ಆರಂಭವಾದದ್ದನ್ನು, ದಿನಕ್ಕೆ 8ರಿಂದ 24 ಗಂಟೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಆದರೆ ಹೆದರಿದ ತಾಯಿಗೆ ಆ ಲೆಕ್ಕ ಒಪ್ಪಿಸುವುದು ನನಗೆ ಸರಿಕಾಣಲಿಲ್ಲ. ಮೊದಲ ದಿನ ದಾದಿ ಪಕ್ಕದಲ್ಲಿರುವಷ್ಟು ಹೊತ್ತು ಸಾಕು ಎಂದೆ. ಆಕೆ ಬಳಲಿದಾಗ ಗಂಡನೂ ಎದೆಗೊರಗಿಸಿಕೊಳ್ಳಬಹುದು.

ಮನೆಗೆ ಹೋದಮೇಲಿನದು ಚಿಕ್ಕದಾಗಿ ಹೇಳಿದೆ. ಬೆಳವಣಿಗೆ ಅಳೆಯುವಾಗ ಎರಡು ವರ್ಷದವರೆಗೆ, ಬೇಗ ಹುಟ್ಟಿದ ಆ ಹತ್ತು ವಾರಗಳನ್ನು ವಯಸ್ಸಿನಿಂದ ಕಳೆದು ಎಣಿಸಿ. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ. ಅಕ್ಷಿಪಟಲದ (ಕಣ್ಣಿನ ಒಳಪದರದ) ತಪಾಸಣೆ ತಪ್ಪಿಸಲೇಬೇಡಿ. ನಿಮ್ಮ ಅಳು, ನಿದ್ದೆಗೇಡು ಎರಡು ವಾರ ದಾಟಿದರೆ ನಿಮಗೂ ವೈದ್ಯರು ಬೇಕು.

ಮೂರನೆಯ ಭೇಟಿಗೆ ಒಬ್ಬರೇ ಬಂದರು. ಹಿಂದಿನ ದಿನ ಮಗು ಎದೆಯ ಮೇಲಿದ್ದಾಗ ಯಂತ್ರ ಮತ್ತೆ ಕೂಗಿತ್ತಂತೆ. "ಸಿಸ್ಟರ್ ಬರುವಷ್ಟರಲ್ಲಿ, ಅವರು ಕಲಿಸಿದ ಹಾಗೆ ನಾನೇ ಅಂಗಾಲು ಸವರಿದೆ. ಉಸಿರೆಳೆದ."