ಮಗ ಮೊಬೈಲ್‌ನಲ್ಲಿ ‘ತಲ್ಲೀನ’ನಾದರೆ ತಪ್ಪೇ?

ಪ್ರಶ್ನೆ: ‘ಮಗ ಮೊಬೈಲ್‌ನಲ್ಲಿ ತಲ್ಲೀನನಾಗಿದ್ದ’ ಎಂದು ಒಂದು ಬರಹದಲ್ಲಿ ಬರೆದಿದ್ದೆ. ಓದಿದ ಗೆಳತಿ ‘ಅವನೇನು ತಪಸ್ಸಿಗೆ ಕೂತಿದ್ನಾ?’ ಎಂದು ನಕ್ಕಳು. ಮಗ್ನ, ತಲ್ಲೀನ, ತನ್ಮಯ, ಮೈಮರೆ ಎಲ್ಲಕ್ಕೂ ಒಂದೇ ಅರ್ಥ ಅಲ್ವಾ?
– ಓದುಗರು, ಹಾಸನ

ಉತ್ತರ: ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ನಿಮ್ಮ ಗೆಳತಿ ನಕ್ಕಿದ್ದೂ ತಪ್ಪಲ್ಲ.

ತಲ್ಲೀನ ಎಂದರೆ ತತ್ + ಲೀನ, ‘ಅದರಲ್ಲಿ ಲೀನ’. ಮೂಲ ಸಂಸ್ಕೃತದ ‘ಲೀ’ ಧಾತು. ಅದಕ್ಕೆ ಅಂಟಿಕೊಳ್ಳು, ಕರಗು ಎಂಬ ಅರ್ಥಗಳಿವೆ. ಲಯ, ವಿಲೀನ ಕೂಡ ಇದೇ ಮನೆಯವು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ ವಿಲೀನವಾದ ಮೇಲೆ ಬೋರ್ಡಿನಲ್ಲಿ ಹಳೆ ಹೆಸರು ಉಳಿಯಲಿಲ್ಲ. ತಲ್ಲೀನನಾದವನ ‘ನಾನು’ ಅನ್ನುವುದೂ ಹಾಗೇ ಕರಗಿರುತ್ತದೆ. ಅದಕ್ಕೇ ಈ ಪದಕ್ಕೆ ಮೆಚ್ಚುಗೆಯ ಬಣ್ಣ ಹತ್ತಿದೆ. ಓದು, ಪೂಜೆ, ಸಂಗೀತಕ್ಕೆ ಒಪ್ಪುತ್ತದೆ. ಮೊಬೈಲ್ ಗೇಮಿಗೆ ಹಚ್ಚಿದರೆ ತಮಾಷೆಯಾಗುತ್ತದೆ. ತಮಾಷೆಗೇ ಬರೆದಿದ್ದರೆ ಹಾಗೇ ಬಿಡಿ, ಚೆನ್ನಾಗಿದೆ.

ಮಗ್ನ ಹಾಗಲ್ಲ. ಅದರ ಧಾತು ‘ಮಜ್ಜ್’, ಅಂದರೆ ಮುಳುಗು. ವಚನಗಳಲ್ಲಿ ಲಿಂಗಕ್ಕೆ ಮಜ್ಜನಕ್ಕೆರೆಯುವ ಮಾತು ಬರುತ್ತದಲ್ಲ, ಆ ಮಜ್ಜನವೂ ಇಲ್ಲಿಂದಲೇ ಬಂದದ್ದು. ಮಳೆಗಾಲದ ಸುದ್ದಿಯ ‘ಸೇತುವೆ ಜಲಮಗ್ನ’ ಕೂಡ. ಈ ಪದಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ. ಧ್ಯಾನಮಗ್ನ ಎನ್ನುತ್ತೇವೆ, ಚಿಂತಾಮಗ್ನ, ಶೋಕಮಗ್ನ ಎಂದೂ ಎನ್ನುತ್ತೇವೆ. ಶೋಕದಲ್ಲಿ ತಲ್ಲೀನನಾದ ಎಂದು ಮಾತ್ರ ಯಾರೂ ಬರೆಯುವುದಿಲ್ಲ. ಕನ್ನಡದ ‘ಮುಳುಗು’ ಇನ್ನೂ ಉದಾರಿ, ಕೆಲಸದಲ್ಲೂ ಮುಳುಗಬಹುದು, ಸಾಲದಲ್ಲೂ ಮುಳುಗಬಹುದು. (ಆಲಮಟ್ಟಿ ಹಿನ್ನೀರಿನ ಬಾಗಲಕೋಟೆಯವರಿಗೆ ‘ಮುಳುಗಡೆ’ ಎಂದರೆ ಬೇರೆಯೇ ನೋವು, ಆ ಮಾತು ಬೇರೆ.)

ತನ್ಮಯ ಶಾಲೆಯಲ್ಲಿ ಅನುನಾಸಿಕ ಸಂಧಿಗೆ ಉದಾಹರಣೆಯಾಗಿ ಓದಿದ ಪದ. ತತ್ + ಮಯ, ಅಂದರೆ ಅದೇ ಆಗಿಬಿಡುವುದು.

ಮೈಮರೆ ಅಚ್ಚ ಕನ್ನಡ, ನನಗೆ ಇದೇ ಜಾಸ್ತಿ ಇಷ್ಟ. ಆದರೆ ಇದಕ್ಕೆ ಎರಡು ಮುಖ. ಹಾಡು ಕೇಳಿ ಮೈಮರೆತರೆ ಸುಖ. ‘ಎದುರಾಳಿ ಸೋಲುತ್ತಿದ್ದಾನೆಂದು ಮೈಮರೆಯಬೇಡಿ’ ಎಂದರೆ ಎಚ್ಚರಿಕೆ. ಯಾವುದು ಎಂಬುದನ್ನು ಅಕ್ಕಪಕ್ಕದ ಮಾತೇ ಹೇಳಬೇಕು.

ಒಂದು ಯಕ್ಷಗಾನದ ರಾತ್ರಿ ನೆನೆಸಿಕೊಳ್ಳಿ. ವೇಷಧಾರಿ ತನ್ಮಯನಾಗಿ ಕುಣಿಯುತ್ತಾನೆ. ನೋಡುವವರು ಮೈಮರೆಯುತ್ತಾರೆ. ಹಿಂದೆ ಕೂತ ಒಬ್ಬ ಮಾತ್ರ ಮನೆಯ ಚಿಂತೆಯಲ್ಲಿ ಮಗ್ನ. ಮರುದಿನ ಗದ್ದೆಗೆ ಹೋದರೂ ಚೆಂಡೆಯ ಸದ್ದು ಕಿವಿ ಬಿಡದಿದ್ದರೆ ಅದು ‘ಗುಂಗು’. ಆಟ ಮುಗಿದ ಮೇಲೂ ಉಳಿಯುವುದಕ್ಕೆ ಬೇರೆ ಪದ ಸಿಗಲಿಕ್ಕಿಲ್ಲ.

ಇನ್ನು ನಿಮ್ಮ ಮಗನ ವಿಷಯ. ‘ಮೊಬೈಲ್‌ನಲ್ಲಿ ಮುಳುಗಿದ್ದ’ ಎಂದರೆ ಸಾಕು. ಮನೆಯಲ್ಲಿ ಬೈಯುವಂತೆ ‘ಮೊಬೈಲ್‌ಗೆ ಅಂಟಿಕೊಂಡಿದ್ದ’ ಎಂದರೂ ಸರಿ. ಅಂಟಿಕೊಳ್ಳು ಎಂಬುದು ‘ಲೀ’ ಧಾತುವಿನ ಅರ್ಥವೇ ಆದ್ದರಿಂದ, ಗೆಳತಿಗೆ ಉತ್ತರ ಕೊಡಲು ನಿಮಗೂ ಒಂದು ದಾರಿ ಇದೆ.